ಸೇಡಂ ರಸ್ತೆಯ ಪ್ಲಾಟಿಗೂ ಬೆಂಗಳೂರಿನ ಸೈಟಿಗೂ ಒಂದೇ ತಕ್ಕಡಿ

2025ರ ಜನವರಿಯಲ್ಲಿ ಕಲಬುರಗಿಯ ಸೇಡಂ ರಸ್ತೆ ಕಡೆ ಇದ್ದ ನನ್ನ ಪ್ಲಾಟ್ ಮಾರಿದೆ. ಮಗಳ ಕಾಲೇಜ್ ಫೀಸಿಗೆ. 2012ರ ದೀಪಾವಳಿ ಹೊತ್ತಿಗೆ ಕೊಂಡಾಗ ರಿಜಿಸ್ಟ್ರಿ ಖರ್ಚೆಲ್ಲ ಸೇರಿ 6 ಲಕ್ಷ ಆಗಿತ್ತು, ಮಾರಿದ್ದು ಹತ್ತೂವರೆಗೆ. "ನಾಲ್ಕೂವರೆ ಲಕ್ಷ ಲಾಭ, ಪೇಢೆ ಹಂಚ್ರಿ ಸರ್" ಅಂತ ಓಣಿಯವರೆಲ್ಲ ಅಂದರು. ಆ ಹನ್ನೆರಡು ವರ್ಷದಲ್ಲಿ ಬ್ಯಾಳಿ, ಎಣ್ಣೆ, ಸಿಮೆಂಟ್ ರೇಟು ಎಲ್ಲಿಗೆ ಹೋಯಿತು ಅಂತ ಯಾರೂ ಲೆಕ್ಕ ಹಾಕಲಿಲ್ಲ.

ಲೆಕ್ಕ ಹಾಕಿದ್ದು ನಮ್ಮ ಸಿಎ. ಸೂಪರ್ ಮಾರ್ಕೆಟ್ ಹತ್ತಿರದ ಅವರ ಆಫೀಸಿನಲ್ಲಿ ಕೂತು, ನಾನು ಕಟ್ಟಿಸಿಕೊಂಡು ಹೋಗಿದ್ದ ಮಿರ್ಚಿ ತಿನ್ನುತ್ತಾ, ಎಣ್ಣೆ ಕೈ ಒರೆಸಿಕೊಂಡು ಕ್ಯಾಲ್ಕುಲೇಟರ್ ಒತ್ತಿದರು. ಸರ್ಕಾರದ ಬೆಲೆ ಏರಿಕೆ ಸೂಚ್ಯಂಕ 2012-13ಕ್ಕೆ 200, 2024-25ಕ್ಕೆ 363. ಹಾಗಾದರೆ ಅಂದಿನ ನನ್ನ 6 ಲಕ್ಷ ಇವತ್ತಿನ 10.89 ಲಕ್ಷಕ್ಕೆ ಸಮ. ನಾನು ಮಾರಿದ್ದು 10.5ಕ್ಕೆ. "ಲಾಭ ಎಲ್ಲಿ ಬಂತ್ರೀ ಸರ, ಕೈಯಿಂದನ ಹೋಗ್ಯಾವು" ಅಂದರು.

ಆದರೆ 2024ರ ಜುಲೈ 23ರ ಬಜೆಟ್ ಈ ಇಂಡೆಕ್ಸೇಶನ್ ಲೆಕ್ಕವನ್ನೇ ತೆಗೆದುಹಾಕಿತ್ತು. ಲಾಭದ ಮೇಲೆ 20 ಪರ್ಸೆಂಟ್ ಇದ್ದ ತೆರಿಗೆಯನ್ನು 12.5ಕ್ಕೆ ಇಳಿಸಿದೆವು, ಸಂತೋಷಪಡಿ ಅಂತ. ಆ ಲೆಕ್ಕದಲ್ಲಿ ನನ್ನ ನಾಲ್ಕೂವರೆ ಲಕ್ಷಕ್ಕೆ 56,250 ರೂಪಾಯಿ ತೆರಿಗೆ, ಮೇಲೆ ಸೆಸ್ ಬೇರೆ. ಜನ ಗಲಾಟೆ ಮಾಡಿದ ಮೇಲೆ ಆಗಸ್ಟಿನಲ್ಲಿ ತಿದ್ದುಪಡಿ ತಂದರು. ಜುಲೈ 23ಕ್ಕಿಂತ ಮೊದಲು ಕೊಂಡ ಜಾಗ, ಮನೆ ಆದರೆ ಎರಡೂ ಲೆಕ್ಕ ಹಾಕಿ ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಹಂಗಾಗಿ ನಾನು ಬಚಾವ್.

ಈಗ ನನ್ನ ತಕರಾರಿಗೆ ಬರುತ್ತೇನೆ. ನಾನು ಕೊಂಡ ವರ್ಷವೇ ಬೆಂಗಳೂರಿನಲ್ಲಿ ಒಬ್ಬರು 20 ಲಕ್ಷಕ್ಕೆ ಸೈಟ್ ಕೊಂಡು, ನಾನು ಮಾರಿದ ವರ್ಷವೇ 1 ಕೋಟಿ 20 ಲಕ್ಷಕ್ಕೆ ಮಾರಿದರು ಅಂತ ಇಟ್ಟುಕೊಳ್ಳಿ. ಹಳೇ ಲೆಕ್ಕದಲ್ಲಿ ತೆರಿಗೆ 16.74 ಲಕ್ಷ, ಹೊಸದರಲ್ಲಿ 12.5 ಲಕ್ಷ. ಅವರಿಗೆ ನಾಲ್ಕು ಲಕ್ಷಕ್ಕೂ ಜಾಸ್ತಿ ಉಳಿತಾಯ! ರೇಟು ಆರು ಪಟ್ಟಾದ ಕಡೆ ಹೊಸ ನಿಯಮ ಬೆಲ್ಲ, ಬೆಲೆ ಏರಿಕೆಯ ಜೊತೆ ಕುಂಟುತ್ತಾ ಬರುವ ನಮ್ಮ ಕಲಬುರಗಿ, ಯಾದಗಿರಿ ಪ್ಲಾಟನ್ನು ಆ ಜುಲೈ 23ರಿಂದೀಚೆ ಕೊಂಡವನಿಗೆ ಬೇವು. ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನೊಂದು. ಷೇರು ಮಾರುಕಟ್ಟೆಯಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟು ಮಾರಿದರೆ ವರ್ಷಕ್ಕೆ ಮೊದಲ 1.25 ಲಕ್ಷ ಲಾಭಕ್ಕೆ ತೆರಿಗೆ ಇಲ್ಲ. ಪ್ಲಾಟಿಗೆ ಅಂಥ ಬಿಡುವು ಒಂದು ರೂಪಾಯಿಯೂ ಇಲ್ಲ. ನಮ್ಮ ಕಡೆ ಜನ ದುಡ್ಡು ಇಡುವುದು ಎಲ್ಲಿ? ಜಾಗದಲ್ಲಿ, ಬಂಗಾರದಲ್ಲಿ. ಷೇರು ಇಡುವ ಡಿಮ್ಯಾಟ್ ಖಾತೆ ಅಂದರೆ ನಮ್ಮ ಅಣ್ಣ ಇವತ್ತಿಗೂ "ಅದು ಜೂಜು" ಅಂತಾನೆ. (ಅವನ ಇಸ್ಪೀಟಿನ ವಿಷಯ ಇಲ್ಲಿ ಬೇಡ.)

ಮನೆ ಕಟ್ಟಿದರೆ ವಿನಾಯಿತಿ ಇದೆಯಲ್ಲ, ಆರು ತಿಂಗಳೊಳಗೆ ಸರ್ಕಾರ ಹೇಳಿದ ಬಾಂಡಿಗೆ ಹಾಕಬಹುದಲ್ಲ ಅಂತ ಕಾಮೆಂಟ್ ಬರುತ್ತೆ, ಗೊತ್ತು. ಬಾಂಡಿನಲ್ಲಿ ದುಡ್ಡು ಐದು ವರ್ಷ ಸಿಕ್ಕಿಹಾಕಿಕೊಳ್ಳುತ್ತೆ. ಆಸ್ಪತ್ರೆ ಬಿಲ್ಲಿಗೆ, ಮದುವೆಗೆ, ಫೀಸಿಗೆ ಅಂತ ಮಾರುವವನು ಬಾಂಡ್ ಕೊಳ್ಳುತ್ತಾನಾ?

ರಿಜಿಸ್ಟ್ರಿಯಲ್ಲಿ ರೇಟು ಕಡಿಮೆ ತೋರಿಸಿ ಉಳಿದದ್ದು ಕ್ಯಾಶ್ ತಗೊಳ್ಳಿ ಅಂತ ನನಗೂ ಒಬ್ಬ ಏಜೆಂಟ್ ಹೇಳಿದ್ದ. ಬೇಡ್ರಪ್ಪಾ. ಜಾಗದ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮೇಲಾಗಿ ಇವತ್ತು ಕಡಿಮೆ ತೋರಿಸಿದರೆ, ಕೊಂಡವನು ನಾಳೆ ಮಾರುವಾಗ ಅವನ ಲಾಭ ಸುಮ್ನೆ ಜಾಸ್ತಿ ಕಾಣುತ್ತೆ.

ನನ್ನ ಹೆಂಡತಿಯ ತಮ್ಮ 2024ರ ಸೆಪ್ಟೆಂಬರಿನಲ್ಲಿ ಹುಮನಾಬಾದ್ ರಸ್ತೆ ಕಡೆ ಪ್ಲಾಟ್ ತಗೊಂಡ. ಎರಡೇ ತಿಂಗಳ ಅಂತರದಲ್ಲಿ ಅವನಿಗೆ ಎರಡರಲ್ಲಿ ಕಡಿಮೆ ತೆರಿಗೆ ಕಟ್ಟುವ ಆ ಆಯ್ಕೆ ತಪ್ಪಿತು. ಇಪ್ಪತ್ತು ವರ್ಷ ಇಟ್ಟುಕೊಂಡರೂ ಬೆಲೆ ಏರಿಕೆ ಲೆಕ್ಕಕ್ಕಿಲ್ಲ. ಮೊನ್ನೆ ಮನೆಗೆ ಬಂದಾಗ ಇದನ್ನೆಲ್ಲ ಹೇಳಿದೆ, ಮುಖ ಸಣ್ಣದಾಯಿತು. "ಹಂಗಾದ್ರ ನಾ ಏನ್ ಮಾಡ್ಲಿ ಮಾಮಾ?" ಅಂದ. ಜಾಗಕ್ಕೆ ಹಾಕಿದ ಖರ್ಚನ್ನು ಕೊಂಡ ಬೆಲೆಗೆ ಸೇರಿಸಬಹುದು, ಕಾಂಪೌಂಡ್ ಕಟ್ಟಿಸಿದ, ಬೋರ್ ಹೊಡೆಸಿದ ಬಿಲ್ಲು ಜೋಪಾನವಾಗಿ ಇಟ್ಟುಕೋ ಅಂದೆ.

"ಬಿಲ್ಲಾ? ಬೋರಿನವನಿಗೆ ಅಲ್ಲೇ ಗಿಡದ ಕೆಳಗ ನಿಂತು ರೊಕ್ಕ ಎಣಿಸಿ ಕೊಟ್ಟೀನಿ ಮಾಮಾ" ಅಂದ.