ಒಂದು ಮನೆ, ಎರಡು ಅಲಾರಾಂ, ಒಂದು ನಾಯಿ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ ಮಾಡಿದವರ ಮನೆಯಲ್ಲಿ ನಾಯಿ ಇರಲಿಲ್ಲವೆಂದು ಕಾಣುತ್ತದೆ. ಇದ್ದರೂ ಅದು ಹಿತ್ತಿಲಲ್ಲಿತ್ತು. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಮರಿ ಸಾಕುವವರ ಜಗಳ ಶುರುವಾಗುವುದೇ ಉಂಡು ಮಲಗಿದ ಮೇಲೆ. ನಡುರಾತ್ರಿ ಎರಡೂವರೆಗೆ ಅದು ಕುಂಯ್ ಎಂದಾಗ ಯಾರು ಏಳಬೇಕು?

ಬೆಂಗಳೂರಿನ ಇಂಥ ಒಂದು ಜೋಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಆಕೆ ಮೈಸೂರಿನ ಕಡೆಯವಳು. ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತಾಳೆ, ಭಾನುವಾರ ಬಂದರೆ ಸಾವನದುರ್ಗವೋ ಸ್ಕಂದಗಿರಿಯೋ ಆಗಲೇಬೇಕು. ಆತ ಧಾರವಾಡದವನು. ಕೆಲಸ ಅಮೆರಿಕದ ಗಡಿಯಾರಕ್ಕೆ ಗಂಟುಬಿದ್ದಿರುವುದರಿಂದ ರಾತ್ರಿ ಒಂದಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಬೆಳಿಗ್ಗೆ ಒಂಬತ್ತಕ್ಕೆ ಕಣ್ಣು ಬಿಡುತ್ತಾನೆ. ಸೋಫಾದಿಂದ ಫ್ರಿಜ್ಜಿನವರೆಗಿನ ದೂರವೇ ಅವನ ವ್ಯಾಯಾಮ. ನಾಯಿ ಮಾತ್ರ ಇಬ್ಬರಿಗೂ ಬೇಕು.

"ಹಸ್ಕಿ ತರೋಣ ರೀ. ಎಷ್ಟು ಚೆನ್ನಾಗಿ ಓಡುತ್ತೆ ಗೊತ್ತಾ?"

"ಹಸ್ಕಿಗೆ ಎಸಿ ಬೇಕಾಗ್ತದ. ಪಗ್ ತರೂಣು. ಅದಕ್ಕ ನಾ ಇದ್ರ ಸಾಕು."

ಇಬ್ಬರೂ ಹೇಳುತ್ತಿರುವುದು ಸುಳ್ಳಲ್ಲ. ಆದರೆ ಇಬ್ಬರೂ ಆರಿಸಿಕೊಂಡಿರುವುದು ತಪ್ಪು ನಾಯಿ.

ತಳಿ ಅಂದರೆ ಬಣ್ಣ, ಕಿವಿ, ಕಣ್ಣು ಅಂತ ಫೋಟೋ ನೋಡುವವರು ತಿಳಿಯುತ್ತಾರೆ. ಅಸಲಿಗೆ ತಳಿ ಅಂದರೆ ಹಳೆಯ ನೌಕರಿ. ಯಾವುದೋ ಕಾಲದಲ್ಲಿ ಯಾರೋ ಒಂದು ಕೆಲಸಕ್ಕೆಂದು ಆರಿಸಿ ಆರಿಸಿ ಬೆಳೆಸಿದ ಪ್ರಾಣಿ ಅದು. ಕೆಲಸ ಹೋಗಿದೆ, ಹುರುಪು ಉಳಿದಿದೆ. ನಾಯಿಗೆ ಕೆಲಸ ಇಲ್ಲ, ನಿಲ್ಲೋಕೆ ಪುರುಸೊತ್ತಿಲ್ಲ ಅನ್ನುತ್ತಾರಲ್ಲ, ಅದು ಗಾದೆಯೂ ಹೌದು, ರೋಗನಿರ್ಣಯವೂ ಹೌದು. ಹಸ್ಕಿಯ ನೌಕರಿ ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯುವುದು. ಅದಕ್ಕೆಂದೇ ಮೈಮೇಲೆ ಎರಡು ಪದರದ ಕೂದಲು. ಗಾಡಿ ಸಿಗದಿದ್ದರೆ ಅದು ಪರದೆ ಎಳೆಯುತ್ತದೆ, ಹೂಕುಂಡದ ಮಣ್ಣು ಅಗೆಯುತ್ತದೆ, ಬೇಸರವಾದರೆ ರಾಗವಾಗಿ ಊಳಿಡುತ್ತದೆ. ಪಾಪ ಸೆಕೆ ಅಂತ ಕೂದಲು ಬೋಳಿಸುವವರಿದ್ದಾರೆ. ಹಾಗೆ ಮಾಡಬೇಡಿ. ಆ ಪದರ ಬಿಸಿಲನ್ನೂ ತಡೆಯುತ್ತದೆ, ಬೋಳಿಸಿದರೆ ಚರ್ಮ ಸುಡುತ್ತದೆ, ಕೂದಲು ಮತ್ತೆ ಸರಿಯಾಗಿ ಬರುತ್ತದೆಂಬ ಖಾತ್ರಿಯೂ ಇಲ್ಲ. ಬೆಂಗಳೂರಿನಲ್ಲೇ ಈ ಕಥೆ. ಕಲಬುರಗಿ, ರಾಯಚೂರಿನಲ್ಲಿ ಹಸ್ಕಿ ಸಾಕುವುದೆಂದರೆ ಕಂಬಳಿ ಹೊದೆಸಿ ಕುಲುಮೆಯ ಮುಂದೆ ಕೂರಿಸಿದಂತೆ.

ಪಗ್ಗಿನ ನೌಕರಿ ಚೀನಾದ ಅರಮನೆಯಲ್ಲಿ ತೊಡೆ ಬೆಚ್ಚಗಿಡುವುದು. ಆ ಮಟ್ಟಿಗೆ ನಮ್ಮ ಧಾರವಾಡದವನ ಲೆಕ್ಕ ಸರಿ. ಹಚ್ ಕಂಪನಿಯ ಮೊಬೈಲ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ್ದನ್ನು ನೋಡಿ ಇಡೀ ದೇಶ ಅದನ್ನು ಹಚ್ ನಾಯಿ ಅಂತ ಕರೆಯಿತು. ಓಡುವುದು ಅದರ ಕೈಲಾಗದ ಕೆಲಸ ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ಮೈ ತಂಪಾಗಬೇಕು. ಮೂತಿ ಚಪ್ಪಟೆಯಾದ ನಾಯಿಗೆ ಗಾಳಿಯ ದಾರಿಯೇ ಇಕ್ಕಟ್ಟು. ಏಪ್ರಿಲಿನ ಬೆಳಿಗ್ಗೆ ಒಂಬತ್ತಕ್ಕೆ ಎರಡು ಕಿಲೋಮೀಟರ್ ಓಡಿಸಿದರೆ ಸೀದಾ ಆಸ್ಪತ್ರೆ. ಮುಖದ ನೆರಿಗೆಗಳಲ್ಲಿ ತೇವ ನಿಲ್ಲುತ್ತದೆ, ದಿನಾ ಒರೆಸದಿದ್ದರೆ ಗಬ್ಬು ವಾಸನೆ, ಆಮೇಲೆ ಹುಣ್ಣು. ಗೊರಕೆಯಂತೂ ಇದ್ದದ್ದೇ. ಮನೆಯಲ್ಲಿ ಆಗಲೇ ಒಬ್ಬರ ಗೊರಕೆಗೆ ಇನ್ನೊಬ್ಬರು ಒದ್ದಾಡುತ್ತಿದ್ದರೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇಲ್ಲಿಗೆ ಬಂದ ಜೋಡಿಗಳು ಸಾಮಾನ್ಯವಾಗಿ "ಹಾಗಾದ್ರೆ ಲ್ಯಾಬ್" ಅಂತ ರಾಜಿಯಾಗುತ್ತಾರೆ. ಲ್ಯಾಬ್ರಡಾರ್ ರಾಜಿಯ ನಾಯಿ, ಮದುವೆ ಮನೆಯ ಉಪ್ಪಿಟ್ಟಿನ ಹಾಗೆ. ಒಳ್ಳೆಯದೇ, ಆದರೆ ಪುಟ್ಟದಲ್ಲ. 30 ಕಿಲೋ ತೂಗುವ ಲ್ಯಾಬ್‌ಗೆ ದಿನಕ್ಕೆ 350 ಗ್ರಾಂ ಆಸುಪಾಸು ಒಣ ಆಹಾರ, ಅಂದರೆ ತಿಂಗಳಿಗೆ ಹತ್ತೂವರೆ ಕಿಲೋ. ಇದು ಹೊಟ್ಟೆಯ ಲೆಕ್ಕ, ಆಸೆಯ ಲೆಕ್ಕ ಬೇರೆ. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಲ್ಯಾಬ್‌ಗಳ ಪಿಒಎಂಸಿ ಅನ್ನುವ ಜೀನಿನಲ್ಲಿ ಒಂದು ತುಣುಕು ಕಾಣೆಯಾಗಿರುವುದನ್ನು ಪತ್ತೆ ಮಾಡಿದರು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ನಲ್ಲಿ ಈ ದೋಷ ಇರುತ್ತದೆ, ಅಂಥದಕ್ಕೆ "ಸಾಕು" ಅನ್ನುವ ಸಂದೇಶ ಮೆದುಳಿಗೆ ಸರಿಯಾಗಿ ಮುಟ್ಟುವುದೇ ಇಲ್ಲ. ಆದ್ದರಿಂದ ತಟ್ಟೆಯ ಪಕ್ಕ ನಿಂತು ಕಣ್ಣಲ್ಲಿ ನೀರು ತುಂಬಿಕೊಂಡರೆ ಕರಗಬೇಡಿ. ಬೆಳಿಗ್ಗೆ ಹೆಂಡತಿ ಹಾಕಿ ಹೋಗಿರುತ್ತಾಳೆ, ಒಂಬತ್ತಕ್ಕೆ ಎದ್ದ ಗಂಡನ ಮುಂದೆ ಅದು ಮೂರು ದಿನದಿಂದ ಉಪವಾಸವಿದ್ದವರಂತೆ ನಿಲ್ಲುತ್ತದೆ, ಆತ ಇನ್ನೊಮ್ಮೆ ಹಾಕುತ್ತಾನೆ. ಆರು ತಿಂಗಳಲ್ಲಿ ನಾಯಿ ಟೀಪಾಯಿಯಷ್ಟು ಅಗಲ. ಇದಕ್ಕೆ ಮದ್ದು ಸುಲಭ: ದಿನದ ಪಾಲನ್ನು ಬೆಳಿಗ್ಗೆಯೇ ತೂಗಿ ಒಂದು ಡಬ್ಬಕ್ಕೆ ಹಾಕಿಡಿ. ಡಬ್ಬ ಖಾಲಿಯಾಯಿತೋ, ಅಂದಿನ ಅಂಗಡಿ ಬಂದ್.

ಬೀಗಲ್ ಬಗ್ಗೆ ಎರಡೇ ಮಾತು. ಅದು ಮೂಗಿಗೆ ಕಾಲು ಮೂಡಿದ ಪ್ರಾಣಿ. ಒಂಟಿಯಾಗಿ ಬಿಟ್ಟರೆ ಅದರ ಕೂಗು ನಾಲ್ಕು ಫ್ಲ್ಯಾಟ್ ಆಚೆಗೆ ಕೇಳುತ್ತದೆ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಮನೆ ನಂಬರು ಎಲ್ಲರಿಗೂ ಬಾಯಿಪಾಠವಾಗುತ್ತದೆ.

ಇಷ್ಟೆಲ್ಲ ವಿದೇಶ ಸುತ್ತುವವರು ಬಾಗಲಕೋಟೆ ಜಿಲ್ಲೆಯ ಕಡೆ ತಿರುಗಿ ನೋಡುವುದು ಕೊನೆಗೆ. ಆಕೆಗೆ ಓಡುವ ನಾಯಿ ಬೇಕು, ಆತನಿಗೆ ಮಲಗುವ ನಾಯಿ ಬೇಕು ಅಂದರೆ ಎರಡನ್ನೂ ಒಂದೇ ಮೈಯಲ್ಲಿ ಹೊತ್ತು ನಿಂತದ್ದು ಮುಧೋಳ. ಕಣ್ಣಿಗೆ ಕಂಡದ್ದನ್ನು ಅಟ್ಟಿ ಹಿಡಿಯುವ ಬೇಟೆನಾಯಿಗಳೆಲ್ಲ ಹೀಗೆಯೇ. ಸಿಡಿದಂತೆ ಓಡಿ, ಉಳಿದ ಹೊತ್ತು ಸಂಕ್ರಾಂತಿ ಊಟ ಮುಗಿಸಿದ ನೆಂಟರ ಹಾಗೆ ಅಡ್ಡಾಗುತ್ತವೆ. ಗಂಡು 68ರಿಂದ 72 ಸೆಂಟಿಮೀಟರ್ ಎತ್ತರ, ತುಂಡು ಕೂದಲು, ಬಾಚುವ ಕೆಲಸ ಇಲ್ಲವೇ ಇಲ್ಲ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ತರಬೇತಿಗೆಂದು ಮೀರತ್‌ನ ಸೇನಾ ಕೇಂದ್ರಕ್ಕೂ ಹೋಯಿತು. ಆದರೆ ಫ್ಲ್ಯಾಟಿಗೆ ಬಂದಾಗ ಎಡವಟ್ಟಾಗುವುದು ಎಲ್ಲಿ ಅಂತ ತಿಳಿದಿರಲಿ.

ಮೊದಲನೆಯದು ಕೊರಳಪಟ್ಟಿ. ಮುಧೋಳದ ತಲೆ ಕಿರಿದು, ಕುತ್ತಿಗೆಗಿಂತ ದಪ್ಪವೇನಲ್ಲ. ಸಾದಾ ಪಟ್ಟಿ ಹಾಕಿ ಹೊರಟರೆ ಎದುರಿಗೊಂದು ಬೆಕ್ಕು ಸುಳಿದ ಕ್ಷಣ ಅದು ಒಂದು ಹೆಜ್ಜೆ ಹಿಂದೆ ಸರಿದು ತಲೆ ಕೊಡವುತ್ತದೆ. ಪಟ್ಟಿ ಮತ್ತು ಹಗ್ಗ ನಿಮ್ಮ ಕೈಯಲ್ಲಿ, ನಾಯಿ ಮುಂದಿನ ಕ್ರಾಸಿನಲ್ಲಿ. ಎಳೆದಾಗ ತಾನೇ ಅಷ್ಟು ಬಿಗಿಯುವ ಮಾರ್ಟಿಂಗೇಲ್ ಪಟ್ಟಿಯನ್ನೇ ತನ್ನಿ. ಪೂರ್ತಿ ಬಿಗಿದಾಗಲೂ ಒಳಗೆ ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಬೇಲಿಯಿಲ್ಲದ ಕಡೆ ಬಿಡುವ ಮಾತೇ ಬೇಡ. ಅಟ್ಟಲು ಶುರುಮಾಡಿದ ಮುಧೋಳಕ್ಕೆ ಯಜಮಾನರ ಕೂಗು ಹಿನ್ನೆಲೆ ಸಂಗೀತ. ಎರಡನೆಯದು ಪಕ್ಕೆಲುಬು. ಎರಡು ಮೂರು ಎಲುಬು ಎದ್ದು ಕಾಣುವುದು ಅದರ ಆರೋಗ್ಯದ ಲಕ್ಷಣ. ಲಿಫ್ಟಿನಲ್ಲಿ ಸಿಕ್ಕ ಆಂಟಿ ಮಾತ್ರ "ಪಾಪ, ಊಟ ಹಾಕಲ್ವಾ?" ಅಂತ ಕೇಳಿಯೇ ತೀರುತ್ತಾರೆ. ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಸಂತಾನಹರಣದ ಆಪರೇಷನ್ನಿಗೆ ಹೋದಾಗ ಅರಿವಳಿಕೆಯ ವಿಷಯ ವೈದ್ಯರಿಗೆ ಮೊದಲೇ ನೆನಪಿಸಿ. ಅಪರಿಚಿತರು ಮೈ ಮುಟ್ಟುವುದು ಇದಕ್ಕೆ ಹಿಡಿಸದು, ಮನೆ ತುಂಬ ಗೆಳೆಯರನ್ನು ಕರೆಯುವ ಜೋಡಿಗೆ ಸಲ್ಲದು. ಮರಿ ವಿಚಾರಿಸುವುದಾದರೆ ಮುಧೋಳದ ಪಕ್ಕ ತಿಮ್ಮಾಪುರದಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರದಿಂದ ಶುರು ಮಾಡಿ.

ಅಂದ ಹಾಗೆ, ಬೇಟೆನಾಯಿಗೆ ಮನಸೋಲುವುದು ಕನ್ನಡದವರಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೇ ಶತಮಾನದ ಶಾಸನದಲ್ಲಿ, ಯುದ್ಧ ಗೆದ್ದುಕೊಟ್ಟ ಮಣಲೆರನಿಗೆ ಒಡೆಯ "ಏನು ಬೇಕೋ ಕೇಳು" ಅನ್ನುತ್ತಾನೆ. ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ಕಾಳಿ ಹಂದಿಯೊಂದಿಗೆ ಹೋರಾಡಿ ಸತ್ತಾಗ ಕಲ್ಲು ನೆಡಿಸಿದ, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಊರು ಕೇಳುವುದು ಬಿಟ್ಟು ನಾಯಿ ಹಿಡಿದುಕೊಂಡು ಮನೆಗೆ ಬಂದವನಿಗೆ ಹೆಂಡತಿ ಏನಂದಳೋ, ಶಾಸನದಲ್ಲಿ ಇಲ್ಲ.

ಯಾವ ತಳಿಯೇ ಆಗಲಿ, ಆಕೆಯ ಓಟದ ಕನಸಿಗೆ ಮೊದಲ ವರ್ಷ ಬೀಗ. ಮರಿಯ ಮೂಳೆಯ ತುದಿಗಳಲ್ಲಿ ಬೆಳೆಯುವ ಭಾಗ ಗಟ್ಟಿಯಾಗಲು ದೊಡ್ಡ ತಳಿಗಳಿಗೆ 12ರಿಂದ 18 ತಿಂಗಳು ಬೇಕು. ಅದಕ್ಕೆ ಮುಂಚೆ ಟಾರು ರಸ್ತೆಯಲ್ಲಿ ಐದು ಕಿಲೋಮೀಟರ್ ಓಡಿಸಿದರೆ ಕೀಲು ಕೆಡುತ್ತದೆ. ಮರಿ ಬಂದ ವರ್ಷ ಆಕೆ ಒಬ್ಬಳೇ ಓಡುತ್ತಾಳೆ, ಮನೆಗೆ ಬಂದು ಮತ್ತೆ ಮರಿಯನ್ನು ನಡೆಸುತ್ತಾಳೆ.

ಹಾಗೆಂದು ಇಬ್ಬರ ದಿನಚರಿ ಬೇರೆಬೇರೆ ಇರುವುದು ಕೆಟ್ಟದ್ದು ಅಂತ ತಿಳಿಯಬೇಡಿ. ಮರಿಯ ಮೂತ್ರಕೋಶದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಮನೆ ಇಲ್ಲ. ಹಗಲಿನ ಲೆಕ್ಕ ಹೀಗೆ: ವಯಸ್ಸಿನ ತಿಂಗಳಿಗೆ ಒಂದು ಸೇರಿಸಿ, ಅಷ್ಟು ಗಂಟೆ ತಡೆದುಕೊಳ್ಳುತ್ತದೆ. ಎರಡು ತಿಂಗಳ ಮರಿಗೆ ಮೂರು ಗಂಟೆ, ಮೂರು ತಿಂಗಳದಕ್ಕೆ ನಾಲ್ಕು, ನಿದ್ದೆಯಲ್ಲಿದ್ದರೆ ಸ್ವಲ್ಪ ಜಾಸ್ತಿ. ಆತ ಮಲಗುವ ಮುಂಚೆ ಒಂದಕ್ಕೆ, ಆಕೆ ಎದ್ದ ಕೂಡಲೇ ಐದಕ್ಕೆ. ನಡುವೆ ನಾಲ್ಕೇ ಗಂಟೆ. ಹತ್ತಕ್ಕೆ ಮಲಗಿ ಆರಕ್ಕೆ ಏಳುವ ಶಿಸ್ತಿನ ಜೋಡಿಗೇ ನಿಜವಾದ ಕಷ್ಟ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ನಿಯಮ ಹೇಳುತ್ತದೆ, ಆದ್ದರಿಂದ ಅದಕ್ಕಿಂತ ಚಿಕ್ಕದನ್ನು ತೋರಿಸಿ ಆಸೆ ಹುಟ್ಟಿಸುವವರ ಅಂಗಡಿಯಿಂದ ಎದ್ದು ಬನ್ನಿ. ಲಸಿಕೆಗಳು ಮುಗಿಯುವವರೆಗೆ, ಅಂದರೆ ಸುಮಾರು ನಾಲ್ಕು ತಿಂಗಳು, ಬೀದಿಯ ಮಣ್ಣಿಗೆ ಇಳಿಸಬೇಡಿ. ಮರಿಗಳ ಜೀವ ತೆಗೆಯುವ ಪಾರ್ವೊ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಅಲ್ಲಿಯ ತನಕ ಬಾಲ್ಕನಿಯ ಒಂದು ಮೂಲೆ, ನಾಲ್ಕು ಪದರ ಹಳೆ ಪೇಪರು. ಮೇಲಿನ ಮೂರು ಬದಲಿಸಿ, ಕೆಳಗಿನದನ್ನು ಅಲ್ಲೇ ಬಿಡಿ, ವಾಸನೆ ಹಿಡಿದು ಅಲ್ಲಿಗೇ ಬರುತ್ತದೆ.

ನಡುಮನೆಯಲ್ಲಿ ಉಚ್ಚೆ ಮಾಡಿಬಿಟ್ಟಿತೋ? ಮೊದಲು ಒಣ ಬಟ್ಟೆಯಿಂದ ಒತ್ತಿ ಹೀರಿಸಿ, ಉಜ್ಜಬೇಡಿ. ಆಮೇಲೆ ಎನ್‌ಜೈಮ್ ಇರುವ ಕ್ಲೀನರ್ ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿ. ಎಲ್ಲರೂ ಫಿನಾಯಿಲ್ ಸುರಿಯುತ್ತಾರೆ. ಅದರಿಂದ ನಮ್ಮ ಮೂಗಿಗೆ ಆಸ್ಪತ್ರೆಯ ಸಮಾಧಾನ ಸಿಗುತ್ತದೆ ಅಷ್ಟೆ, ಮರಿಗೆ ಹಳೇ ವಿಳಾಸ ಹಾಗೇ ಗೊತ್ತಿರುತ್ತದೆ. ಪಾದಕ್ಕೆ ಮೆತ್ತಿದ ಫಿನಾಯಿಲನ್ನು ಅದು ನೆಕ್ಕುತ್ತದೆ ಬೇರೆ.

ದಿನಚರಿಗಿಂತ ಮನೆ ಮುರಿಯುವುದು ಭಾಷೆ. ಮೈಸೂರಿನಾಕೆ "ಕೂತ್ಕೋ" ಅನ್ನುತ್ತಾಳೆ, ಧಾರವಾಡದಾತ "ಕುಂದ್ರಲೇ" ಅನ್ನುತ್ತಾನೆ, ಯೂಟ್ಯೂಬ್ ನೋಡಿದ ದಿನ ಇಬ್ಬರೂ "ಸಿಟ್" ಅನ್ನುತ್ತಾರೆ. ಸೋಫಾದಿಂದ ಇಳಿಸಲೂ "ಡೌನ್", ನೆಲದ ಮೇಲೆ ಮಲಗಿಸಲೂ "ಡೌನ್". ನಾಯಿ ಕೊನೆಗೆ ಯಾರ ಕೈಯಲ್ಲಿ ಬಿಸ್ಕತ್ತು ಇದೆಯೋ ಅವರ ಮುಂದೆ ತನಗೆ ತೋಚಿದ್ದು ಮಾಡುತ್ತದೆ. ಏಳೆಂಟು ಪದಗಳನ್ನು ಒಮ್ಮತದಿಂದ ಆರಿಸಿ ಫ್ರಿಜ್ಜಿನ ಮೇಲೆ ಅಂಟಿಸಿ, ಪ್ರತಿ ಪದಕ್ಕೂ ಒಂದೇ ಅರ್ಥ. "ಬಾ" ಅನ್ನುವುದನ್ನು ಮಾತ್ರ ಬೈಯಲು ಕರೆಯುವಾಗ ಬಳಸಲೇಬೇಡಿ, ಇನ್ನೊಂದು ದಿನ ರಸ್ತೆಯಲ್ಲಿ ಆ ಪದವೇ ಅದರ ಜೀವ ಉಳಿಸಬೇಕಾದದ್ದು.

ತಳಿ ಇನ್ನೂ ತೀರ್ಮಾನವಾಗಿಲ್ಲ ಅಂದರೆ ಎರಡು ವಾರ ನಾಯಿಯಿಲ್ಲದ ನಾಯಿ ಸಾಕಿ. ಬರೀ ಹಗ್ಗ ಹಿಡಿದು ಬೆಳಿಗ್ಗೆ ಮೂವತ್ತು ನಿಮಿಷ, ಸಂಜೆ ಮೂವತ್ತು ನಿಮಿಷ ಬೀದಿ ಸುತ್ತಿ. ಮಳೆ ಬಂದರೂ ಹೋಗಬೇಕು, ಆಫೀಸಿನಲ್ಲಿ ರಿಲೀಸ್ ಇದ್ದರೂ ಹೋಗಬೇಕು. ವಾಚ್‌ಮನ್ ನಗಲಿ. ಗೋಡೆಗೆ ಒಂದು ಚೀಟಿ ಅಂಟಿಸಿ, ಹೋದವರು ಗೀಟು ಹಾಕಲಿ. ಹದಿನೈದನೇ ದಿನ ಗೀಟು ಎಣಿಸಿ. ಇಪ್ಪತ್ತೆಂಟಕ್ಕೆ ಇಪ್ಪತ್ತೈದು ಬಿದ್ದಿದ್ದರೆ ಲ್ಯಾಬೋ ಮುಧೋಳವೋ ನೋಡಬಹುದು. ಹದಿನೈದರ ಸುತ್ತ ಬಿದ್ದಿದ್ದರೆ ಶಿಹ್ ತ್ಸು ಅನ್ನುವ ಉದ್ದ ಕೂದಲಿನ ಪುಟ್ಟ ನಾಯಿ, ಆದರೆ ನಡೆಯುವುದರಲ್ಲಿ ಉಳಿದ ಹೊತ್ತು ಬಾಚಣಿಗೆಗೆ ಹೋಗುತ್ತದೆ: ದಿನಾ ಹತ್ತು ನಿಮಿಷ, ಬುಡದವರೆಗೆ, ಒಂದು ವಾರ ತಪ್ಪಿದರೆ ಜಡೆಗಟ್ಟಿ ಕತ್ತರಿಯೇ ಗತಿ. ಹತ್ತಕ್ಕಿಂತ ಕಡಿಮೆ ಇದ್ದರೆ ಮೀನು ಸಾಕಿ.

ಗೀಟುಗಳು ಸಾಕಷ್ಟಿದ್ದೂ ಜಗಳ ಹಾಗೇ ಉಳಿದ ಮನೆಗೆ ಸರಿಹೊಂದುವುದು ಎರಡು ವರ್ಷ ದಾಟಿದ ಊರ ನಾಯಿ. ಅದು ಎಷ್ಟು ದೊಡ್ಡದಾಗುತ್ತದೋ ಅಂತ ಕಾಯಬೇಕಿಲ್ಲ, ಆಗಿರುತ್ತದೆ. ಸ್ವಭಾವ ಎದುರಿಗೇ ಇರುತ್ತದೆ. ಈ ಬಿಸಿಲು, ಈ ಮಳೆ ಅದಕ್ಕೆ ತವರು. ಆಶ್ರಯಧಾಮಕ್ಕೆ ಇಬ್ಬರೂ ಮೂರು ಸಲ ಹೋಗಿ, ಒಮ್ಮೆಯಾದರೂ ಹಗ್ಗ ಹಿಡಿದು ನಡೆಸಿ ನೋಡಿ. ತಂದ ಮೇಲೆ ಮೊದಲ ಮೂರು ದಿನ ಮಂಚದ ಕೆಳಗೆ ಅವಿತಿದ್ದರೆ ಎಳೆಯಬೇಡಿ. ರಕ್ತ ಹೀರುವ ಉಣ್ಣೆ ಹುಳಕ್ಕೆ ಮಾತ್ರ ತಿಂಗಳ ಔಷಧ ತಪ್ಪಿಸಬೇಡಿ, ಉಣ್ಣೆ ಜ್ವರಕ್ಕೆ ತಳಿಭೇದವಿಲ್ಲ. ಸ್ನಾನವಾದ ಮೇಲೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಒಮ್ಮೆ ಬೆರಳಾಡಿಸಿ.

ಇನ್ನು ಊರಿಂದ ಬರುವ ಅತ್ತೆಯವರ ವಿಷಯ. "ಮನಿಯಾಗ ನಾಯಿ ಬ್ಯಾಡ" ಅಂತ ಫೋನಿನಲ್ಲಿ ಹೇಳಿದವರು ಬಂದ ನಾಲ್ಕನೇ ದಿನಕ್ಕೆ ಯಾರಿಗೂ ಕಾಣದಂತೆ ಟೇಬಲ್ಲಿನ ಕೆಳಗೆ ಕೈ ಚಾಚುತ್ತಾರೆ. ಬಡಿದಾಡಬೇಡಿ, ಪಟ್ಟಿ ಕೊಡಿ. ಉಪ್ಪಿಲ್ಲದ ಅನ್ನ, ಬೇಯಿಸಿದ ಕುಂಬಳಕಾಯಿ, ಎರಡು ಚಮಚ ಮೊಸರು ನಡೆಯುತ್ತದೆ. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರು, ಚಾಕೊಲೇಟು ಕೂಡದು. ಎಲ್ಲಕ್ಕಿಂತ ಹೆಚ್ಚು ಎಚ್ಚರ ಒಣದ್ರಾಕ್ಷಿಯ ಬಗ್ಗೆ. ಕೆಲವೇ ಹಣ್ಣು ತಿಂದರೂ ನಾಯಿಯ ಮೂತ್ರಪಿಂಡ ಕೆಡಬಹುದು. ಹಬ್ಬದ ದಿನ ಶ್ಯಾವಿಗೆ ಪಾಯಸದ ಬಟ್ಟಲು ನೆಲದ ಮೇಲಿಡದಂತೆ ಹೇಳಿ, ದ್ರಾಕ್ಷಿ ಹಾಕಿದ್ದ ಡಬ್ಬವನ್ನು ಕಪಾಟಿನ ಮೇಲಿಡಿ. ಲ್ಯಾಬ್ ತಂದಿದ್ದರೆ ಕಪಾಟಿಗೆ ಚಿಲಕವನ್ನೂ ಹಾಕಿಸಿ.