ಸಣ್ಣ ಬ್ಯಾಟರಿ, ದೊಡ್ಡ ಬ್ಯಾಟರಿ ಮತ್ತು ಭಾವನ ಟೆಸ್ಟರ್

ಮಂಗಳೂರಿನಲ್ಲಿ ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಇಂಜಿನ್ನೂ ಕರೆಂಟಿನ ಮೋಟಾರೂ ಎರಡೂ ಇರುವ ಕಾರು ಇಟ್ಟುಕೊಂಡವನಿಗೆ ಮದುವೆ ಊಟ ನೆಮ್ಮದಿಯಾಗಿ ಆಗುವುದಿಲ್ಲ. ಕೈ ತೊಳೆಯುವ ಜಾಗದಲ್ಲೇ ಹಿಡಿದು ಕೇಳುತ್ತಾರೆ: "ಚಾರ್ಜಿಗೆ ಎಷ್ಟು ಹೊತ್ತು ಬೇಕು ಮಾರಾಯ್ರೆ? ಕರೆಂಟ್ ಬಿಲ್ ಎಷ್ಟು ಬರ್ತದೆ?" ಇದಕ್ಕೆ ಪ್ಲಗ್ಗೇ ಇಲ್ಲ, ಪೆಟ್ರೋಲ್ ಹಾಕಿದರೆ ಸಾಕು, ಬ್ರೇಕ್ ಒತ್ತುವಾಗ, ಇಂಜಿನ್ ಓಡುವಾಗ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ ಅಂದರೆ ಯಾರೂ ನಂಬುವುದಿಲ್ಲ. ಏನೋ ಮುಚ್ಚಿಡುತ್ತಿದ್ದಾನೆ ಅಂತ ನೋಡುತ್ತಾರೆ. ಜಪಾನಿನಲ್ಲಿ ಇಂಥ ಕಾರು 1997ರಲ್ಲೇ ಮಾರಾಟಕ್ಕೆ ಬಂದಿದೆ. ಬಿಜೈಯ ನಮ್ಮ ಓಣಿಗೆ ಮಾತ್ರ ಅದು ಮೊನ್ನೆ ಬಂದ ವಸ್ತು.

ಎರಡನೇ ಪ್ರಶ್ನೆ ಶಾಕಿನದ್ದು. ಹೌದು, ಶಾಕ್ ಹೊಡೆಯುತ್ತದೆ. ನನ್ನ ಕಾರಿನ ಹಿಂದಿನ ಸೀಟಿನ ಬೆನ್ನಿಗೆ 28 ಪೆಟ್ಟಿಗೆಗಳು ಸಾಲಾಗಿ ಕೂತಿವೆ, ಒಂದೊಂದೂ 7.2 ವೋಲ್ಟ್. ಎಲ್ಲ ಸೇರಿ 201.6. ಮನೆಮಂದಿಯೆಲ್ಲ ಹೆದರುವುದು ಅದಕ್ಕೇ. ಆದರೆ ನಾನು ಕಂಡ ಹಾಗೆ ಆ ದೊಡ್ಡ ಬ್ಯಾಟರಿ ಮರ್ಯಾದಸ್ಥ. ಊರ ಮುಂದೆ ಮಾನ ತೆಗೆಯುವುದು ಡಿಕ್ಕಿಯ ಮೂಲೆಯಲ್ಲಿರುವ 12 ವೋಲ್ಟಿನ ಸಣ್ಣದು.

ಈ ಸಣ್ಣದಕ್ಕೆ ಕೆಲಸವೇನೂ ಜಾಸ್ತಿ ಇಲ್ಲ. ಇಂಜಿನ್ ತಿರುಗಿಸುವುದು ದೊಡ್ಡದೇ. ಸಣ್ಣದು ಕಾರಿನ ಕಂಪ್ಯೂಟರುಗಳನ್ನು ಎಬ್ಬಿಸಿ, ದೊಡ್ಡದನ್ನು ಕಾರಿಗೆ ಜೋಡಿಸುವ ಸ್ವಿಚ್ಚು, ಅಂದರೆ ರಿಲೇ, ಎಳೆದುಕೊಟ್ಟರೆ ಸಾಕು. ಆದರೆ ಅದು ಮಲಗಿತು ಅಂದರೆ ಹಿಂದೆ ಇರುವ 200 ವೋಲ್ಟೂ ದಂಡ.

ಮಲಗುವುದು ಸಾಮಾನ್ಯವಾಗಿ ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊರಗೆ ಜಡಿಮಳೆ. ಕಾರು ಸುಮ್ನೆ ನಿಂತಿರುತ್ತದೆ. ನಿಂತರೂ ಅದು ಪೂರ್ತಿ ನಿದ್ದೆ ಮಾಡುವುದಿಲ್ಲ, ಕೀ ಹತ್ತಿರ ಬಂತಾ ಅಂತ ಕಿವಿ ತೆರೆದುಕೊಂಡೇ ಇರುತ್ತದೆ. ಹಾಗೆ ಕಾಯುತ್ತಾ ಕಾಯುತ್ತಾ ಸಣ್ಣ ಬ್ಯಾಟರಿ ಖಾಲಿ. ಕಳೆದ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ಕಷಾಯ ಕುಡಿದು, ಆ ಕಹಿ ಮುಖದಲ್ಲೇ ಕೀ ಒತ್ತಿದೆ. ಕಾರು ಮಾತಾಡಲಿಲ್ಲ. "ಅದಕ್ಕೂ ಒಂದು ಲೋಟ ಕಷಾಯ ಕೊಡಿ" ಅಂದರು ಅತ್ತೆ.

ಕೀ ಒಳಗೆ ಅಡಗಿರುವ ಕಬ್ಬಿಣದ ಕೀಯಿಂದ ಡ್ರೈವರ್ ಬಾಗಿಲು ತೆರೆಯಿತು. ಬಾನೆಟ್ ಎತ್ತಿ, ಫ್ಯೂಸ್ ಪೆಟ್ಟಿಗೆಯೊಳಗಿನ ಕೆಂಪು ಮುಚ್ಚಳದ ಬಿಂದುವಿಗೆ ಮೀಟರ್ ಹಿಡಿದೆ. ಒಳ್ಳೆಯ ಬ್ಯಾಟರಿ 12.6 ತೋರಿಸಬೇಕು. ಇದು 9ರ ಹತ್ತಿರ ಏದುಸಿರು ಬಿಡುತ್ತಿತ್ತು. ಆ ಬಿಂದುವಿಗೇ ಬೇರೆ ಬ್ಯಾಟರಿಯ ವಯರ್ ಕೊಟ್ಟರೆ ಕಾರು ಏಳುತ್ತದೆ, ನಿಜ. ಆದರೆ ಇದು ಮುದುಕ ಬ್ಯಾಟರಿ, ಬದಲಿಸಲೇಬೇಕು. ಬ್ಯಾಟರಿ ಇರುವುದು ಡಿಕ್ಕಿಯಲ್ಲಿ. ಡಿಕ್ಕಿ ತೆರೆಯುವುದು ಕರೆಂಟಿನ ಸ್ವಿಚ್ಚಿನಿಂದ. ಆ ಸ್ವಿಚ್ಚಿಗೆ ಕರೆಂಟ್ ಬರುವುದು ಆ ಬ್ಯಾಟರಿಯಿಂದ. ಇದನ್ನು ಯೋಚಿಸಿ ಮಾಡಿದ ಇಂಜಿನಿಯರನ್ನು ಒಂದು ಸಲ ನೋಡಬೇಕು ಅಂತ ಆಸೆ ಉಂಟು.

ಬೇರೆ ಬ್ಯಾಟರಿ ಕೈಯಲ್ಲಿ ಇಲ್ಲದವನಿಗೆ ಉಳಿದದ್ದು ಒಂದೇ ದಾರಿ. ಹಿಂದಿನ ಸೀಟು ಮಡಚಿ, ಹೊಟ್ಟೆಯ ಮೇಲೆ ತೆವಳಿ, ಡಿಕ್ಕಿ ಬಾಗಿಲಿನ ಒಳಮೈಯಲ್ಲಿರುವ ಸಣ್ಣ ಕೊಂಡಿ ಎಳೆಯುವುದು. ಟಾರ್ಚ್ ಹಿಡಿದದ್ದು ನಮ್ಮ ಮನೆಯ ಹುಡುಗ ಪುಟ್ಟ, ನನ್ನ ಕಣ್ಣಿಗೆ ಸರಿಯಾಗಿ. ಪಂಚೆ ಗೇರಿಗೆ ಸಿಕ್ಕಿಕೊಂಡು ಹಿಂದೆಯೇ ಉಳಿಯಿತು. ಅಷ್ಟರಲ್ಲಿ ಹಿಂದಿನ ಗಾಜಿನ ಆಚೆ ಪಕ್ಕದ ಮನೆಯ ರಾಯರು ಕೊಡೆ ಹಿಡಿದು ಬಗ್ಗಿದರು. "ಎಂತ, ಬೀಗ ಹಾಕಿಕೊಂಡಿರಾ?" ಗಾಜಿನ ಒಳಗಿಂದ ಹೈಬ್ರಿಡ್ ತತ್ವ ವಿವರಿಸುವುದು ಸಾಧ್ಯವಿಲ್ಲ. ತಲೆಯಾಡಿಸಿದೆ.

ಬ್ಯಾಟರಿ ಅಂಗಡಿಯವರದ್ದು ಇನ್ನೊಂದು ಸಿದ್ಧಾಂತ: "ಎಲ್ಲ ಬ್ಯಾಟರಿಯೂ ಒಂದೇ." ಒಂದೇ ಅಲ್ಲ. ಇದು ಕೂರುವುದು ನಾವು ಉಸಿರಾಡುವ ಜಾಗದಲ್ಲಿ. ಹಾಗಾಗಿ ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ ಹೊರಗೆ ಹೋಗಲು ಇದಕ್ಕೊಂದು ಸಪೂರ ಪೈಪ್ ಬೇಕು. ಮೇಲಿನ ಟರ್ಮಿನಲ್ಲೂ ಸಪೂರ. ಅಂಗಡಿಯವರು ಕೊಟ್ಟದ್ದಕ್ಕೆ ಪೈಪೂ ಇರಲಿಲ್ಲ, ಟರ್ಮಿನಲ್ ದಪ್ಪ ಇತ್ತು. "ಸುತ್ತಿಗೆಯಲ್ಲಿ ಎರಡು ಪೆಟ್ಟು ಹಾಕಿದರೆ ಕೂರ್ತದೆ" ಅಂದರು. ಸರಿಯಾದದ್ದನ್ನು ಬೆಂಗಳೂರಿನಿಂದ ತರಿಸಿದೆ. ಶಿರಾಡಿ ಘಾಟಿಯ ಮಳೆಗಾಲ ಗೊತ್ತಲ್ವಾ, ಬರುವಾಗ ಬಂತು.

ಇನ್ನು ದೊಡ್ಡದರ ವಿಷಯ. ಅದಕ್ಕೂ ಸೆಕೆಯಾಗುತ್ತದೆ. ಹಿಂದಿನ ಸೀಟಿನ ಪಕ್ಕದ ಜಾಲರಿಯಿಂದ ಒಂದು ಫ್ಯಾನ್ ಕಾರಿನೊಳಗಿನ ತಂಪು ಗಾಳಿಯನ್ನೇ ಎಳೆದು ಅದಕ್ಕೆ ಕೊಡುತ್ತದೆ. ಆ ಜಾಲರಿಯ ಪಕ್ಕ ಅತ್ತೆಯ ಖಾಯಂ ಜಾಗ. "ಇಲ್ಲಿಂದ ಚಳಿಗಾಳಿ ಬರ್ತದೆ" ಅಂತ ಶಾಲು ಮುಚ್ಚುತ್ತಾರೆ. ಬರುವುದಿಲ್ಲ ಅತ್ತೆ, ಹೋಗುವುದು ಅಂದರೆ, "ಹೋದರೂ ಚಳಿಯೇ ಅಲ್ವಾ?" ಫ್ಯಾನ್ ಗುರ್ ಅನ್ನಲು ಶುರುವಾದ ಮೇಲೆ ಬಿಚ್ಚಿ ನೋಡಿದೆ. ಶಂಕರಪುರ ಮಲ್ಲಿಗೆಯ ಒಣಗಿದ ಮೊಗ್ಗು, ಅವಲಕ್ಕಿ, ಬೆಕ್ಕಿನ ರೋಮ, ಧರ್ಮಸ್ಥಳದ ಬಸ್ ಟಿಕೆಟ್. ಬ್ರಷ್ ಹಿಡಿದು ಇದನ್ನು ಗುಡಿಸುವ ಕೆಲಸ ಯಾರು ಬೇಕಾದರೂ ಮಾಡಬಹುದು. ಬ್ಯಾಟರಿಯ ಆಯಸ್ಸಿಗೆ ಇದಕ್ಕಿಂತ ಅಗ್ಗದ ಔಷಧವಿಲ್ಲ.

ದೊಡ್ಡ ಬ್ಯಾಟರಿಯ ಮುಚ್ಚಳ ತೆರೆಯುವ ಕೆಲಸ ಹಾಗಲ್ಲ. ಮಳೆಗಾಲದ ನಡುವೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿತು. ಒಬ್ಬರು ಇಡೀ ಬ್ಯಾಟರಿ ಬದಲಿಸಿ ಅಂತ ಲಕ್ಷದ ಲೆಕ್ಕ ಹೇಳಿದರು. ಸ್ಕ್ಯಾನರ್ ಹಾಕಿಸಿ ನೋಡಿದರೆ ಒಂದು ಜೋಡಿ ಪೆಟ್ಟಿಗೆಯ ವೋಲ್ಟೇಜ್ ಮಾತ್ರ ಇಳಿದಿತ್ತು. ಸಾಲಿನ ಬ್ಯಾಟರಿಯೆಂದರೆ ಕಂಬಳದ ಕೋಣದ ಹಾಗೆ, ಒಂದು ನಿಂತರೆ ಇನ್ನೊಂದು ಎಷ್ಟು ಗಟ್ಟಿಯಿದ್ದರೂ ಓಟ ಅಲ್ಲಿಗೇ ಮುಗಿಯಿತು. ನಮ್ಮ ಕಡಲ ಗಾಳಿಯಲ್ಲಿ ಜೋಡಿಸುವ ತಾಮ್ರದ ಪಟ್ಟಿಗಳಿಗೆ ಹಸಿರು ಕಿಲುಬು ಹತ್ತುವುದೂ ಉಂಟು.

ಸಹಾಯಕ್ಕೆ ಪುತ್ತೂರಿನಿಂದ ಭಾವ ಬಂದರು. ಅಡಿಕೆ ತೋಟದ ಪಂಪ್‌ಸೆಟ್ಟಿನಲ್ಲಿ ಪಳಗಿದ ಕೈ. ತಂದದ್ದು ಹವಾಯಿ ಚಪ್ಪಲಿ ಮತ್ತು ಒಂದು ಟೆಸ್ಟರ್. 1000 ವೋಲ್ಟ್ ತಡೆಯುವ ರಬ್ಬರ್ ಗ್ಲೌಸ್ ತೋರಿಸಿದೆ. ತೂತಿದೆಯಾ ಅಂತ ನೋಡಲು ಅದನ್ನು ಮಣಿಕಟ್ಟಿನಿಂದ ಸುರುಳಿ ಸುತ್ತಿ ಗಾಳಿ ಉಬ್ಬಿಸಬೇಕು. ಬಲೂನ್ ಅಂತ ಪುಟ್ಟ ಕುಣಿದ. ಭಾವ ನಕ್ಕರು. "ನೀವು ಹಿಂದೆ ಸರೀರಿ ಭಾವ, ಟೆಸ್ಟರ್ ಹೊತ್ತದಿದ್ದರೆ ಕರೆಂಟ್ ಇಲ್ಲ ಅಂತ ಲೆಕ್ಕ."

ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮನೆಯ ಕರೆಂಟು ಭೂಮಿಯ ದಾರಿ ಹುಡುಕುವುದರಿಂದ ಟೆಸ್ಟರ್ ಹೊತ್ತುತ್ತದೆ. ಕಾರಿನ ದೊಡ್ಡ ಬ್ಯಾಟರಿಗೆ ಭೂಮಿಯ ಜೊತೆಗಾಗಲೀ ಕಾರಿನ ಬಾಡಿಯ ಜೊತೆಗಾಗಲೀ ಸಂಬಂಧವೇ ಇಲ್ಲ. ಟೆಸ್ಟರ್ ಸುಮ್ಮನಿರುತ್ತದೆ, ಎರಡು ತುದಿ ಮುಟ್ಟಿದವನು ಸುಮ್ಮನಾಗುತ್ತಾನೆ. ಇಷ್ಟು ಹೇಳಿದ ಮೇಲೆ ಭಾವ ಗ್ಲೌಸ್ ಕಸಿದುಕೊಂಡರು.

ಮೊದಲು ಸಣ್ಣ ಬ್ಯಾಟರಿಯ ನೆಗೆಟಿವ್ ಬಿಚ್ಚುವುದು. ಮತ್ತೆ ದೊಡ್ಡದರ ಸಾಲನ್ನು ನಡುವೆ ಕಡಿಯುವ ಕಿತ್ತಳೆ ಬಣ್ಣದ ಸರ್ವಿಸ್ ಪ್ಲಗ್ ಎಳೆಯುವುದು. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹೊಂದಿಸುವ ಇನ್ವರ್ಟರಿನ ಕೆಪಾಸಿಟರಿನಲ್ಲಿ ಉಳಿದ ಕರೆಂಟ್ ಖಾಲಿಯಾಗಲು 10 ನಿಮಿಷ ಕಾದು, ಮೀಟರಿನಲ್ಲಿ ನೋಡಿಯೇ ಮುಂದಿನ ಕೆಲಸ. ಪ್ಲಗ್ ಎಳೆದರೆ ಸಾಲು ಎರಡು ತುಂಡಾಗುತ್ತದೆ, ಸಾಯುವುದಿಲ್ಲ. ತುಂಡುಗಳಲ್ಲಿ ಕಚ್ಚುವಷ್ಟು ವೋಲ್ಟೇಜ್ ಇದ್ದೇ ಇರುತ್ತದೆ. ಎಳೆದ ಪ್ಲಗ್ಗನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕು, ಬೇರೆಯವರು ಸಿಕ್ಕಿಸಬಾರದು ಅಂತ ನಿಯಮ. ನಿಯಮ ಬರೆದವರು ಲುಂಗಿ ಉಡುವವರಲ್ಲ. ಭಾವ ಅದನ್ನು ಜಗಲಿಯ ಮೇಲಿಟ್ಟರು.

ಕಿಲುಬು ಉಜ್ಜಿ, ಸೋತ ಪೆಟ್ಟಿಗೆ ಬದಲಿಸಿ, ಎಲ್ಲ ಬಿಗಿ ಮಾಡಿ ನೋಡಿದರೆ ಪ್ಲಗ್ ಇಲ್ಲ. ಬಾವಿಕಟ್ಟೆ, ತುಳಸಿಕಟ್ಟೆ, ಬಚ್ಚಲು ಎಲ್ಲ ಹುಡುಕಿದೆವು. ಕಡೆಗೆ ಪುಟ್ಟನ ಆಟದ ಅಡುಗೆಮನೆಯಲ್ಲಿ ಸಿಕ್ಕಿತು. ಅಲ್ಲಿ ಅದು ಮಿಕ್ಸಿಯಾಗಿತ್ತು. ಒಂದು ಚಾಕಲೇಟ್ ಕೊಟ್ಟು ಬಿಡಿಸಿಕೊಂಡೆವು. ಸಿಕ್ಕಿಸಿದರೂ ಕಾರು ಏಳಲಿಲ್ಲ, ಪ್ಲಗ್ಗಿನ ಹಿಡಿಯನ್ನು ಮಡಚಿದ ಮೇಲೆ ಇನ್ನೊಂಚೂರು ಕೆಳಗೆ ಜಾರಿಸಬೇಕು. ಜಾರಿಸಿದ ಮೇಲೆ 'ರೆಡಿ' ದೀಪ ಬಂತು, ಸದ್ದು ಮಾತ್ರ ಬರಲಿಲ್ಲ. ಹೈಬ್ರಿಡ್ ಹಾಗೆಯೇ. ಭಾವ ಒಪ್ಪಲಿಲ್ಲ. "ಸ್ಟಾರ್ಟೇ ಆಗಲಿಲ್ಲ" ಅಂತ ಬಟನ್ ಒತ್ತಿ ಆಫ್ ಮಾಡಿದರು, ಮತ್ತೆ ಒತ್ತಿದರು, ಮತ್ತೆ ಆಫ್.

ಅವರು ಊರಿಗೆ ಹೋಗಿ ಏನು ಹೇಳಿದರೋ, ಮುಂದಿನ ಭಾನುವಾರ ಬ್ರಹ್ಮಾವರದ ಚಿಕ್ಕಪ್ಪ ಹೊಸ ಹೈಬ್ರಿಡ್ ಕಾರು ತಂದು ನಿಲ್ಲಿಸಿದರು. ಭಾವನಿಗೂ ಬುಲಾವ್ ಹೋಗಿತ್ತು. ಇದರ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಉಂಟು, ಬಿಚ್ಚಿದರೆ ಅದು ಹೋಯಿತು ಅಂತ ಹೇಳಿದೆ.

"ಬಿಚ್ಚಿ ನೋಡದೆ ಚೆನ್ನಾಗಿದೆ ಅಂತ ಹೇಗೆ ಗೊತ್ತಾಗ್ತದೆ?" ಅಂದರು ಚಿಕ್ಕಪ್ಪ.

ನಾನು ಬ್ರಷ್ ಕೊಟ್ಟು ಹಿಂದಿನ ಸೀಟಿನ ಜಾಲರಿ ತೋರಿಸಿದೆ. ಒಂದು ಚಕ್ಕುಲಿ ತುಂಡು ಹೊರಗೆ ಬಂತು.

"ಇಷ್ಟಕ್ಕೆ ಬ್ರಹ್ಮಾವರದಿಂದ ಬರಬೇಕಿತ್ತಾ?"

"ಬರಿಗೈಯಲ್ಲಿ ಗುಡಿಸಬೇಡಿ ಚಿಕ್ಕಪ್ಪ" ಅಂತ ಭಾವ ಗ್ಲೌಸ್ ತರಲು ಒಳಗೆ ಓಡಿದರು.