ಫೀಡ್ ಆಯ್ತಾ ಮೇಡಂ?

26 ವಾರದ ಹೆರಿಗೆ ರಜೆ ಮುಗಿಸಿ ಆಫೀಸಿಗೆ ಹೋದ ಮೊದಲ ದಿನ. ತಲೆ ಪೂರ್ತಿ ತೊಟ್ಟಿಲ ಹತ್ತಿರವೇ ಇತ್ತು. ಹನ್ನೊಂದು ಗಂಟೆಗೆ ಮ್ಯಾನೇಜರ್ ನನ್ನ ಟೇಬಲ್ ಬಳಿ ಬಂದು ಮೆಲ್ಲಗೆ ಕೇಳಿದರು, "ಫೀಡ್ ಆಯ್ತಾ ಮೇಡಂ?"

ಎಂಥಾ ಒಳ್ಳೆ ಮನುಷ್ಯ ಅನ್ನಿಸಿತು. "ಬೆಳಿಗ್ಗೆ ಎಂಟಕ್ಕೆ ಒಂದ್ಸಲ ಆಯ್ತು ಸಾರ್. ಈಗ ಅತ್ತೆ ಬಾಟಲಿಯಲ್ಲಿ ಕೊಡ್ತಿರ್ತಾರೆ. ಅರ್ಧ ಕುಡಿದು ಉಗುಳಿಬಿಡ್ತಾನೆ, ಅದೇ ಚಿಂತೆ" ಅಂದೆ.

ಅವರ ಕಿವಿ ಕೆಂಪಗಾಯಿತು. ನನ್ನ ಮುಂದಿದ್ದ ಕಾಗದದ ಕಟ್ಟಿನ ಕಡೆ ಕೈ ತೋರಿಸಿ, "ಅಲ್ಲ... ಸಿಸ್ಟಮ್‌ಗೆ... ಆ ವೋಚರು..." ಅಂತ ತೊದಲಿದರು. ಪಕ್ಕದ ಟೇಬಲಿನವಳು ಪೆನ್ನು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಹೋದವಳು ಐದು ನಿಮಿಷ ಮೇಲೆ ಬರಲಿಲ್ಲ.

ತಪ್ಪು ನನ್ನದಲ್ಲ, ಆ ಪದದ್ದು. ನಾವು ಮಗುವಿಗೆ ಉಣಿಸುತ್ತೇವೆ, ದನಕ್ಕೆ ಮೇವು ಹಾಕುತ್ತೇವೆ, ಒಲೆಗೆ ಸೌದೆ ತುರುಕುತ್ತೇವೆ. ಹಕ್ಕಿ ತನ್ನ ಮರಿಗೆ ಗುಟುಕು ಕೊಡುತ್ತದೆ. ಇಂಗ್ಲಿಷಿನವರಿಗೆ ಎಲ್ಲಕ್ಕೂ ಒಂದೇ ಫೀಡು. ಪ್ರಿಂಟರ್ ಕಾಗದ ಎಳೆದುಕೊಳ್ಳುವುದೂ ಫೀಡೇ, ರಾತ್ರಿ ಹನ್ನೆರಡರ ತನಕ ನಾವು ಮೊಬೈಲಿನಲ್ಲಿ ಮೇಯುವುದೂ ಫೀಡೇ.

ಮಧ್ಯಾಹ್ನ ಊಟ ಮಾಡುತ್ತಾ ನಿಘಂಟು ನೋಡಿದೆ. ಹಳೆಯ ಇಂಗ್ಲಿಷಿನಲ್ಲಿ ಅದು 'ಫೇಡನ್'. ಹುಟ್ಟಿದ್ದು 'ಫೋಡ'ದಿಂದ, ಅಂದರೆ ಇವತ್ತಿನ ಫುಡ್. ನಾವು ಉಣ್ಣು ಅನ್ನುವುದಕ್ಕೆ 'ಇಸು' ಅಂತ ಬಾಲ ಹಚ್ಚಿ ಉಣಿಸು ಮಾಡುತ್ತೇವಲ್ಲ, ಅವರಿಗೂ ಬಹಳ ಹಿಂದೆ ಅಂಥದೇ ಒಂದು 'ಇ'ಕಾರದ ಬಾಲ ಇತ್ತು. ಅದು ಮುಂಚೆ ಇದ್ದ 'ಓ'ವನ್ನು 'ಏ' ಮಾಡಿಟ್ಟು, ತಾನು ಸದ್ದಿಲ್ಲದೆ ಉದುರಿಹೋಯಿತು. ನೆಂಟರು ಬಂದು, ಅಡುಗೆಮನೆ ಡಬ್ಬಿಗಳನ್ನೆಲ್ಲ ಅದಲುಬದಲು ಮಾಡಿ, ಊರಿಗೆ ಹೋಗಿಬಿಟ್ಟ ಹಾಗೆ! ಬ್ಲಡ್‌ನಿಂದ ಬ್ಲೀಡ್ ಆಗಿದ್ದೂ ಹೀಗೇ. ದನದ ಮೇವಿಗೆ ಹೇಳುವ ಫಾಡರ್ ಕೂಡ ಇದರ ದಾಯಾದಿಯೇ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು 'ಫೆಡ್ ಅಪ್'. ಗಂಟಲವರೆಗೆ ತಿನ್ನಿಸಿಕೊಂಡು ಇನ್ನು ಬೇಡಪ್ಪಾ ಅನ್ನುವ ಸ್ಥಿತಿ. ನಮ್ಮಲ್ಲಿ ಇದು ಇನ್ನೂ ಚೊಕ್ಕ. ಅನ್ನ ಹಾಕಿ ಬೆಳೆಸುವುದಕ್ಕೂ ಸಾಕು ಅಂತೀವಿ, ಬೇಡ ಅನ್ನುವುದಕ್ಕೂ ಸಾಕು ಅಂತೀವಿ. ಸಾಕಿ ಸಾಕಿ ಸಾಕಾಯ್ತು ಅಂತ ಅಮ್ಮಂದಿರು ಸುಮ್ನೆ ಹೇಳಲ್ಲ, ಅಲ್ವಾ?

ವೋಚರ್ ಕಟ್ಟು ಮುಗಿಯುವಾಗ ಐದೂವರೆ. ಮ್ಯಾನೇಜರ್ ಮತ್ತೆ ಬಂದರು. ಈ ಸಲ ಬಾಯಿ ಬಿಡಲಿಲ್ಲ, ಹುಬ್ಬು ಮಾತ್ರ ಎತ್ತಿದರು. ನಾನೂ ತಲೆ ಮಾತ್ರ ಆಡಿಸಿದೆ.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, "ಬೆಳಿಗ್ಗೆಯಿಂದ ಫೀಡ್ ಮಾಡಿ ಮಾಡಿ ಬೆನ್ನು ಬಿದ್ದುಹೋಯ್ತು ಅತ್ತೆ" ಅಂದೆ.

ಹಾಲಿನ ಬಾಟಲಿ ತೊಳೆಯುತ್ತಿದ್ದ ಅತ್ತೆ ಗಾಬರಿಯಿಂದ ತಿರುಗಿದರು. "ಅಲ್ಲಿ ಯಾರಿಗಮ್ಮಾ?"